ಹಳೇ ಕಾರಿನ ಸೈಲೆನ್ಸರ್ ಪೈಪ್ ತುಕ್ಕು ತಿಂದಿದೆಯಾ? ಬಿಚ್ಚೋದರಿಂದ ಜೋಡಿಸೋವರೆಗೆ

ಕುಂದಾಪುರದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮಾರುತಿ 800 ಟ್ರ್ಯಾಕ್ಟರ್ ಥರ ಕೂಗಲು ಶುರು ಮಾಡಿತ್ತು. ನಾನು ತಿರುವಿನಲ್ಲಿ ಇರುವಾಗಲೇ ಮನೆಯಲ್ಲಿ ಕಾಫಿಗೆ ನೀರು ಇಡುತ್ತಿದ್ದರು, ಅಷ್ಟು ಸದ್ದು. ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ತೂತಿನ ಮೇಲೆ ತಗಡಿನ ತೇಪೆ ಹಾಕಿಸಿದೆ. ಮೂರೇ ವಾರ ಬಂತು. ಬಗ್ಗಿ ನೋಡಿದರೆ ತೇಪೆ ಗಟ್ಟಿಯಾಗಿಯೇ ಇತ್ತು, ಅದರ ಸುತ್ತಲಿನ ಪೈಪೇ ಹರಿದುಹೋಗಿತ್ತು. ಹಳೇ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದ ಹಾಗೆ.

ಆಮೇಲೆ ನಾನೇ ಬಿಚ್ಚಿದೆ. ಈ ಕೆಲಸದಲ್ಲಿ ಹುಡುಕಬೇಕಾದ್ದು ತೂತನ್ನಲ್ಲ, ಗಟ್ಟಿ ಕಬ್ಬಿಣ ಎಲ್ಲಿಂದ ಶುರುವಾಗುತ್ತದೆ ಅನ್ನೋದನ್ನು. ಅದು ಗೊತ್ತಾದರೆ ಉಳಿದದ್ದು ಪಾನಾ ಹಿಡಿಯುವ ಕೆಲಸ ಅಷ್ಟೇ.

ಮಾರುತಿ 800 ಮೊದಲು ಬಂದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ನನ್ನದು 1998ರ ಕಾರ್ಬ್ಯುರೇಟರ್ ಗಾಡಿ. ಇಲ್ಲಿ ಹೇಳುವುದೆಲ್ಲ ಅದರ ಅನುಭವ. ಆದರೆ ಹಳೇ ಝೆನ್, ಸ್ಯಾಂಟ್ರೋ, ಆಲ್ಟೋ ಯಾವುದೇ ಇದ್ದರೂ ಕೆಲಸದ ದಾರಿ ಒಂದೇ.

ತುಕ್ಕು ಒಳಗಿಂದಲೂ ಬರುತ್ತದೆ

ನಮ್ಮ ಕಡೆ ಎಲ್ಲದಕ್ಕೂ ಸಮುದ್ರದ ಗಾಳಿಯನ್ನು ಬೈಯುವುದು ರೂಢಿ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಅಲ್ಲಿ ದಿನಾ ಓಡಾಡುವ ಗಾಡಿಯ ಅಡಿಗೆ ಉಪ್ಪು ಹತ್ತದೇ ಇರುತ್ತದಾ? ಆದರೆ ಅರ್ಧ ತಪ್ಪು ಮಾತ್ರ ಸಮುದ್ರದ್ದು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಆವಿಯಾಗಿ ಹೊರಗೆ ಹೋಗುತ್ತದೆ, ಆದ್ದರಿಂದ ನಮಗೆ ಕಾಣುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಆ ಆವಿ ಪೈಪಿನೊಳಗೇ ನೀರಾಗಿ ನಿಲ್ಲುತ್ತದೆ. ಅದರಲ್ಲಿ ಹೊಗೆಯ ಆಮ್ಲವೂ ಸೇರಿರುತ್ತದೆ. ದೂರ ಓಡಿಸಿದರೆ ಪೈಪ್ ಕಾದು ಎಲ್ಲ ಒಣಗುತ್ತದೆ. ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ವಾಪಸ್ಸು ಅಂತ ಎರಡೇ ಕಿಲೋಮೀಟರ್ ಓಡಿಸಿದರೆ ನೀರು ಹಾಗೇ ಕೂತು ಕಬ್ಬಿಣ ತಿನ್ನುತ್ತದೆ. ಹಿಂದಿನ ಸೈಲೆನ್ಸರ್ ಡಬ್ಬಿ ಎಂಜಿನ್ನಿನಿಂದ ಅತಿ ದೂರ, ಹಾಗಾಗಿ ಅತಿ ತಂಪು. ಸಾಮಾನ್ಯವಾಗಿ ಮೊದಲು ಹೋಗುವುದೂ ಅದೇ. ನಿವೃತ್ತಿಯಾದವರ ಗಾಡಿ ಕಡಿಮೆ ಓಡಿದೆ ಅಂತ ಕೊಳ್ಳುವಾಗ ಈ ಡಬ್ಬಿಯನ್ನು ಒಮ್ಮೆ ತಟ್ಟಿ ನೋಡಿ.

ಮೊದಲು ಎರಡು ಅಪಾಯದ ಮಾತು

ಒಂದು, ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೈಪ್ ಸೀಟಿನ ಕೆಳಗೆ ಸೋರುತ್ತಿದ್ದು ನೆಲದ ತಗಡೂ ತೂತಾಗಿದ್ದರೆ ಅದು ಸೀದಾ ಒಳಗೆ ಬರುತ್ತದೆ. ಕಿಟಕಿ ಮುಚ್ಚಿ ಓಡಿಸುವಾಗ ತಲೆನೋವು, ವಾಕರಿಕೆ, ಮಂಪರು ಬಂದರೆ ಪಿತ್ತ ಅಂತ ಸುಮ್ನೆ ಕೂರಬೇಡಿ. ಗಾಡಿ ನಿಲ್ಲಿಸಿ ಹೊರಗೆ ಬನ್ನಿ. ರಿಪೇರಿ ಆಗುವವರೆಗೆ ಆ ಗಾಡಿ ಓಡಿಸದೇ ಇರುವುದೇ ಸರಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಶುರು ಮಾಡಿ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಎರಡು, ಜಾಕಿ. ಗಾಡಿಯ ಜೊತೆ ಬರುವ ಜಾಕಿ ಚಕ್ರ ಬದಲಿಸಲು ಮಾತ್ರ, ಅದನ್ನು ನಂಬಿ ಅಡಿಗೆ ನುಗ್ಗಬೇಡಿ. ನಮ್ಮೂರಲ್ಲಿ ಅಂಗಳದಲ್ಲಿ ಬಿದ್ದ ಮುರಕಲ್ಲು (ಗೋಡೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ಎತ್ತಿ ಅಡಿಗೆ ಕೊಡುವ ಚಾಳಿ ಇದೆ. ಮುರಕಲ್ಲು ಗೋಡೆಗೆ ಗಟ್ಟಿ, ಒಂದೇ ಕಡೆ ಭಾರ ಬಿದ್ದರೆ ಪಕ್ಕನೆ ಸೀಳಿಕೊಳ್ಳುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗೂ ಇದೇ ಮಾತು. ಕಬ್ಬಿಣದ ಸ್ಟ್ಯಾಂಡ್ ಎರಡು ತನ್ನಿ, ಅಥವಾ ಒಂದು ದಿನಕ್ಕೆ ಯಾರಿಂದಲಾದರೂ ಕೇಳಿ ತನ್ನಿ. ಗಟ್ಟಿ ನೆಲ, ಗೇರಿನಲ್ಲಿ ಗಾಡಿ, ಹ್ಯಾಂಡ್ ಬ್ರೇಕ್, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಲ್ಲು. ಸ್ಟ್ಯಾಂಡ್ ಕೊಡುವ ಜಾಗವೂ ತುಕ್ಕು ಹಿಡಿದಿದೆಯಾ ಅಂತ ನೋಡಿಕೊಳ್ಳಿ. ಕೊಟ್ಟ ಮೇಲೆ ಗಾಡಿಯನ್ನು ಒಮ್ಮೆ ಜೋರಾಗಿ ಅಲುಗಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಎಂಜಿನ್ ನಿಲ್ಲಿಸಿ ಕನಿಷ್ಠ ಎರಡು ಗಂಟೆ ಆಗಿರಲಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಮಲಗಿ ಮೇಲೆ ನೋಡುವಾಗ ತುಕ್ಕಿನ ಪುಡಿ ಬೀಳುವುದು ನೇರ ಕಣ್ಣಿಗೇ.

ಚುಚ್ಚಿ ನೋಡಿ, ತಟ್ಟಿ ಕೇಳಿ

ಎಂಜಿನ್ ಕಡೆಯಿಂದ ಹಿಂದಕ್ಕೆ ಬನ್ನಿ. ಎಂಜಿನ್ನಿನ ಹೊಗೆಯನ್ನು ಒಟ್ಟು ಮಾಡುವ ಎರಕದ ಕೊಳವೆ ಅಂದರೆ ಮ್ಯಾನಿಫೋಲ್ಡ್, ಅದಕ್ಕೆ ನಟ್ಟು ಹಾಕಿ ಬಿಗಿದ ಮುಂದಿನ ಪೈಪ್, ಜಾಯಿಂಟ್, ನಡುವಿನ ಪೈಪ್, ಕೊನೆಗೆ ಡಬ್ಬಿ. ಇಡೀ ಸರಂಜಾಮು ರಬ್ಬರಿನಲ್ಲಿ ನೇತಾಡಿಕೊಂಡಿರುತ್ತದೆ.

ಸೋರುವ ಜಾಗದಲ್ಲಿ ಕಪ್ಪು ಮಸಿ ಗೀಟು ಬಿದ್ದಿರುತ್ತದೆ, ಅದನ್ನು ಮೊದಲು ಗುರುತು ಮಾಡಿ. ಆಮೇಲೆ ಹಳೇ ಸ್ಕ್ರೂಡ್ರೈವರ್ ತೆಗೆದುಕೊಂಡು ಪೈಪಿನ ಉದ್ದಕ್ಕೂ ಒತ್ತುತ್ತಾ ಹೋಗಿ. ಹಿಡಿಯಿಂದ ತಟ್ಟಿದಾಗ ಟಣ್ ಅಂದರೆ ಒಳ್ಳೇ ಕಬ್ಬಿಣ. ಡಬ್ ಅಂದರೆ ಒಳಗೆ ಪದರ ಎದ್ದಿದೆ. ನನ್ನ ಗಾಡಿಯಲ್ಲಿ ಕಣ್ಣಿಗೆ ಕಂಡ ತೂತು ಕಿರುಬೆರಳಿನಷ್ಟು. ಸ್ಕ್ರೂಡ್ರೈವರ್ ಮಾತ್ರ ಅದರ ಎರಡೂ ಕಡೆ ಒಂದೊಂದು ಗೇಣು ದೂರದವರೆಗೆ ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ತೇಪೆ ಯಾಕೆ ನಿಲ್ಲಲಿಲ್ಲ ಅಂತ ಆಗ ಗೊತ್ತಾಯಿತು.

ಬಾಗು ಇರುವ ಜಾಗ, ವೆಲ್ಡಿಂಗ್ ಪಕ್ಕ, ರಬ್ಬರ್ ಹಿಡಿದ ಕೊಂಡಿಯ ಬುಡ, ಡಬ್ಬಿಯ ಹೊಲಿಗೆ: ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಡಬ್ಬಿಯ ಕೆಳಗೆ ಒಂದು ಸಣ್ಣ ತೂತು ಇದ್ದು ಅದು ದುಂಡಗೆ, ನೀಟಾಗಿದ್ದರೆ ಅದು ನೀರು ಇಳಿಯಲು ಕಂಪನಿಯವರೇ ಕೊಟ್ಟದ್ದು. ಮುಚ್ಚಬೇಡಿ.

ತೇಪೆಯೋ, ತುಂಡೋ, ಪೂರ್ತಿಯೋ?

ತೂತು ಸಣ್ಣದು, ಸುತ್ತ ಎಲ್ಲ ಕಡೆ ಟಣ್ ಅನ್ನುತ್ತದೆ ಅಂದರೆ ತೇಪೆ ಸಾಕು. ಪೈಪಿನ ಒಂದು ತುಂಡು ಮಾತ್ರ ಹೋಗಿದೆ, ಎರಡೂ ಬದಿ ಗಟ್ಟಿ ಇದೆ ಅಂದರೆ ಆ ತುಂಡು ಕತ್ತರಿಸಿ ಹೊಸದು ಸೇರಿಸಬಹುದು. ಡಬ್ಬಿ ಹೋಗಿದ್ದರೆ ಬದಲಿಸಿ. ಅದರ ಒಳಗಿನ ಅಡ್ಡ ತಗಡುಗಳು ಹೊರಗಿನದಕ್ಕಿಂತ ಮೊದಲೇ ಉದುರಿರುತ್ತವೆ, ಮೇಲಿನ ತೇಪೆ ದಂಡ. ಮೂರು ಕಡೆ ಚುಚ್ಚಿಕೊಂಡರೆ ಲೆಕ್ಕ ಹಾಕುತ್ತಾ ಕೂರಬೇಡಿ, ಪೂರ್ತಿ ತೆಗೆದು ಹಾಕಿ.

800ಕ್ಕೆ ಸಾಮಾನು ಇವತ್ತಿಗೂ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರೋಡ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಗುಜರಿ ಸೈಲೆನ್ಸರ್ ಮಾತ್ರ ನನಗೆ ಸರಿ ಕಾಣುವುದಿಲ್ಲ. ಅದೂ ನಿಮ್ಮದರಷ್ಟೇ ನೀರು ಕುಡಿದಿರುತ್ತದೆ. ಹೊಸದು ಕೊಳ್ಳುವಾಗ ಗಾಡಿಯ ವರ್ಷ, ಕಾರ್ಬ್ಯುರೇಟರೋ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐಯೋ, ಎರಡೂ ಹೇಳಿ. ಹಳೇ ಪೈಪಿನ ಫೋಟೋ ಫೋನಿನಲ್ಲಿರಲಿ. ಎರಡು ಸೈಲೆನ್ಸರ್ ಎದುರಿಗಿದ್ದರೆ ಕೈಯಲ್ಲಿ ಎತ್ತಿ ತೂಕ ನೋಡಿ. ತಗಡು ದಪ್ಪ ಇರುವುದು ಭಾರ ಇರುತ್ತದೆ.

ಒಟ್ಟಿಗೇ ಹೊಸ ಪ್ಯಾಕಿಂಗ್ (ಜಾಯಿಂಟ್ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್), ಹೊಸ ರಬ್ಬರ್, ಹೊಸ ನಟ್ಟು ಬೋಲ್ಟು ತನ್ನಿ. ಇದರಲ್ಲಿ ಉಳಿಸಲು ಹೋಗಿ ನಾನು ಎರಡು ಸಲ ಗಾಡಿಯ ಅಡಿ ಮಲಗಿದ್ದೇನೆ.

ಬೋಲ್ಟಿನ ಹಠ

ಪೈಪ್ ಬದಲಿಸಲು ಒಂದು ಗಂಟೆ. ಹಳೇ ಬೋಲ್ಟ್ ಬಿಚ್ಚಲು ಒಂದು ದಿನ. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಹಿಂದಿನ ರಾತ್ರಿ.

ಗಾಡಿ ತಣ್ಣಗಾದ ಮೇಲೆ ವೈರ್ ಬ್ರಷ್ಷಿನಿಂದ ಬೋಲ್ಟಿನ ಎಳೆಗಳನ್ನು, ಅಂದರೆ ತಿರುಪಿನ ಗೆರೆಗಳನ್ನು, ತಿಕ್ಕಿ. ನಟ್ಟಿನಾಚೆ ಚಾಚಿಕೊಂಡ ಬೋಲ್ಟಿನ ತುದಿಯನ್ನೂ ಬಿಡಬೇಡಿ, ನಟ್ಟು ಹೊರಗೆ ಬರುವ ದಾರಿ ಅದೇ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಮಲಗುವ ಮೊದಲು ಇನ್ನೊಮ್ಮೆ, ಬೆಳಿಗ್ಗೆ ಎದ್ದು ಮತ್ತೊಮ್ಮೆ. ಹಳೇ ಮೆಕ್ಯಾನಿಕ್‌ಗಳು ಡೀಸೆಲ್ ಹಾಕಿ ನೆನೆಸುತ್ತಿದ್ದರು. ಅದೂ ನಡೆಯುತ್ತದೆ, ನಿಧಾನ ಅಷ್ಟೇ.

ಬೆಳಿಗ್ಗೆ ಪಾನಾ ಹಿಡಿಯುವ ಮೊದಲು ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಡಿ. ಮುರಿಯುವಷ್ಟು ಅಲ್ಲ, ಒಳಗಿನ ತುಕ್ಕು ಅದುರಿ ಬಿರುಕು ಬಿಡುವಷ್ಟು. 800ರಂಥ ಗಾಡಿಗಳಲ್ಲಿ ಹೆಚ್ಚಿನವು 12 ಮತ್ತು 14 ನಂಬರ್. ಬಾಯಿ ತೆರೆದ ಪಾನಾ ಬೇಡ, ಅದು ಮೂಲೆ ಸವೆಸುತ್ತದೆ. ಆರು ಮೂಲೆಯ ಸಾಕೆಟ್ ಹಾಕಿ, ಉದ್ದ ಹಿಡಿ ಹಾಕಿ.

ಇನ್ನು ಕೈಯ ಕೆಲಸ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ. ಟಿಕ್ ಅಂತ ತುಕ್ಕು ಬಿಡುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು. ವಾಪಸ್ಸು ಅರ್ಧದಷ್ಟು. ಸ್ಪ್ರೇ. ಮತ್ತೆ ಕಾಲು ಸುತ್ತು. ಕಿರ್ ಕಿರ್ ಅನ್ನುತ್ತಿದ್ದರೆ ಬರುತ್ತಿದೆ ಅಂತ ಲೆಕ್ಕ. ಸದ್ದಿಲ್ಲದೆ ಮೆತ್ತಗೆ ತಿರುಗಲು ಶುರುವಾದರೆ ಅಲ್ಲೇ ನಿಲ್ಲಿಸಿ. ಅದು ಬಿಚ್ಚುತ್ತಿಲ್ಲ, ಒಳಗೇ ತಿರುಚಿಕೊಂಡು ಮುರಿಯುವ ಹಂತದಲ್ಲಿದೆ. ನಾನು ಒಂದು ಸ್ಟಡ್ (ತಲೆ ಇಲ್ಲದ ಬೋಲ್ಟ್) ಮುರಿದದ್ದು ಹೀಗೆಯೇ, ಮೆತ್ತಗಾಯಿತು ಅಂತ ಖುಷಿಯಲ್ಲಿ.

ಬಗ್ಗದಿದ್ದರೆ ಬೆಂಕಿ. ನಟ್ಟಿಗೆ ಬ್ಲೋ ಟಾರ್ಚ್ ಹಿಡಿದರೆ ಅದು ಹಿಗ್ಗಿ ಬೋಲ್ಟನ್ನು ಬಿಡುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ರಾತ್ರಿಯಿಂದ ಹೊಡೆದ ಸ್ಪ್ರೇ ಉರಿಯುತ್ತದೆ. ಒರೆಸಿ, ಆರಲು ಬಿಟ್ಟು, ಆಮೇಲೆ ಟಾರ್ಚ್. ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಇರುವ ಕಡೆ ಬೆಂಕಿಯ ಮಾತೇ ಬೇಡ. 800ರಲ್ಲಿ ಟ್ಯಾಂಕ್ ಇರುವುದು ಹಿಂಭಾಗದಲ್ಲಿ, ಸೈಲೆನ್ಸರ್ ಪೈಪಿನ ನೆರೆಯಲ್ಲೇ. ಅಲ್ಲಿಯ ಬೋಲ್ಟುಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಕುಯ್ದುಬಿಡಿ. ಹೇಗೂ ಹೊಸದು ತಂದಿದ್ದೀರಲ್ಲ. ಗ್ರೈಂಡರ್ ಬೇಗ ಕುಯ್ಯುತ್ತದೆ, ಕಿಡಿಯನ್ನೂ ಅಷ್ಟೇ ಬೇಗ ಹಾರಿಸುತ್ತದೆ.

ಮ್ಯಾನಿಫೋಲ್ಡಿನ ಸ್ಟಡ್ ಮುರಿದು ಒಂದಿಷ್ಟು ಹೊರಗೆ ಉಳಿದಿದ್ದರೆ ಅದಕ್ಕೊಂದು ನಟ್ಟು ತೊಡಿಸಿ ವೆಲ್ಡ್ ಮಾಡಿಸಿ, ಬಿಸಿ ಇರುವಾಗಲೇ ತಿರುಗಿಸಿದರೆ ಬರುತ್ತದೆ. ಒಳಗೇ ಮುರಿದರೆ ಡ್ರಿಲ್ ಹಾಕಿ ತೆಗೆಯಬೇಕು. ಅದನ್ನು ಲೇಥ್ ಅಂಗಡಿಯವರಿಗೆ ಬಿಡಿ. ಎರಕದ ಕಬ್ಬಿಣದಲ್ಲಿ ಡ್ರಿಲ್ ಒಂದು ಕೂದಲು ಪಕ್ಕಕ್ಕೆ ಹೋದರೂ ಇನ್ನೊಂದು ತಲೆನೋವು.

ಇಳಿಸುವುದು

ಎಂಪಿಎಫ್‌ಐ ಗಾಡಿಯಾದರೆ ಪೈಪಿನ ಮೇಲೆ, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ಇರಬಹುದು. ಅದರ ವೈರಿನ ಸಾಕೆಟ್ ಮೊದಲು ಬಿಚ್ಚಿ, ಇಲ್ಲದಿದ್ದರೆ ಪೈಪಿನ ಭಾರಕ್ಕೆ ವೈರು ಕಿತ್ತುಬರುತ್ತದೆ. ಸೆನ್ಸರ್ ತೆಗೆಯಲು ಸಾಮಾನ್ಯವಾಗಿ 22 ನಂಬರ್ ಪಾನಾ ಬೇಕು.

ರಬ್ಬರ್‌ಗಳಿಗೆ ಸಾಬೂನು ನೀರು ಸವರಿ ಎಳೆಯಿರಿ, ಜಾರಿ ಬರುತ್ತವೆ. ಎಣ್ಣೆ ಹಾಕಬೇಡಿ, ರಬ್ಬರ್ ಹಾಳಾಗುತ್ತದೆ. ಕೊನೆಯ ರಬ್ಬರ್ ಬಿಡಿಸುವ ಮೊದಲು ಪೈಪಿನ ಕೆಳಗೆ ಮರದ ತುಂಡೋ, ಹಳೇ ಟಯರೋ ಇಡಿ. ಎದೆಯ ಮೇಲೆ ಬೀಳಿಸಿಕೊಂಡು ಗೊತ್ತಿರುವವನ ಮಾತು ಇದು.

ಹೊಗೆಯ ವಿಷ ಕಮ್ಮಿ ಮಾಡುವ ಡಬ್ಬಿ, ಕ್ಯಾಟಲಿಟಿಕ್ ಕನ್ವರ್ಟರ್, ಇದ್ದರೆ ಅದನ್ನು ಬೇರೆಯಾಗಿ ನೋಡಿ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಂದ ಇದು ಶುರುವಾಯಿತು, ಹಾಗಾಗಿ ಹಳೇ ಗಾಡಿಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಅಲುಗಿಸಿದಾಗ ಗಲಗಲ ಅಂದರೆ ಒಳಗಿನ ಜೇನುಗೂಡು ಒಡೆದಿದೆ. ಅದನ್ನು ಹಳೇ ಕಬ್ಬಿಣದ ರೇಟಿಗೆ ಗುಜರಿಗೆ ಕೊಟ್ಟುಬಿಡಬೇಡಿ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಕೊಳ್ಳುವವರಿಗೆ ಅದು ಚೆನ್ನಾಗಿ ಗೊತ್ತು. ಕನ್ವರ್ಟರ್ ತೆಗೆದು ಬರೀ ಪೈಪ್ ಹಾಕಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಹೊಗೆಯೂ ಜಾಸ್ತಿ, ಕಾನೂನಿಗೂ ತಪ್ಪು.

ತುಂಡು ಸೇರಿಸುವುದಾದರೆ

ವೆಲ್ಡಿಂಗ್ ಏನೇ ಇದ್ದರೂ ಪೈಪನ್ನು ಗಾಡಿಯಿಂದ ಇಳಿಸಿ, ದೂರ ಒಯ್ದು ಮಾಡಿಸಿ. ಗಾಡಿಯಲ್ಲೇ ಇಟ್ಟು ಮಾಡುತ್ತೇವೆ, ಏನೂ ಆಗಲ್ಲ ಅನ್ನುವವರು ಸಿಗುತ್ತಾರೆ. ಟ್ಯಾಂಕ್ ನಿಮ್ಮದು.

ಪೈಪಿನ ಅಳತೆಗೆ ವರ್ನಿಯರ್ ಬೇಕಿಲ್ಲ. ತುಕ್ಕು ಇಲ್ಲದ ಜಾಗದಲ್ಲಿ ಒಂದು ಸುತ್ತು ನೂಲು ಸುತ್ತಿ, ಅದರ ಉದ್ದ ಅಳೆದು 3.14ರಿಂದ ಭಾಗಿಸಿ. ನೂಲು 12 ಸೆಂ.ಮೀ. ಬಂದರೆ ಪೈಪಿನ ಹೊರಗಿನ ಅಳತೆ ಸುಮಾರು 38 ಮಿ.ಮೀ. ಅದರ ಮೇಲೆ ಬಿಗಿಯಾಗಿ ಕೂರುವ ಇನ್ನೊಂದು ಪೈಪ್ ಹುಡುಕಿ. ನೀರಿನ ಜಿಐ ಪೈಪ್ ಬೇಡ. ಅದರ ಸತುವಿನ ಹೊಗೆ ಕುಡಿದರೆ ವೆಲ್ಡರ್‌ಗೆ ರಾತ್ರಿ ಚಳಿ ಜ್ವರ ಬರುತ್ತದೆ.

ಕತ್ತರಿಸುವ ಮೊದಲು ಹಳೇ ಪೈಪಿನ ಮೇಲೆ, ಕೆಟ್ಟ ಭಾಗದ ಆಚೆ ಈಚೆ, ಒಂದೇ ಸಾಲಿನಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಈ ಗೆರೆ ಇಲ್ಲದಿದ್ದರೆ ಸೇರಿಸುವಾಗ ಪೈಪ್ ಸ್ವಲ್ಪ ತಿರುಗಿ ಕೂರುತ್ತದೆ, ಆಮೇಲೆ ಕೊಂಡಿಗಳು ರಬ್ಬರಿನ ಜಾಗಕ್ಕೆ ಬರುವುದೇ ಇಲ್ಲ. ಸ್ಕ್ರೂಡ್ರೈವರ್ ಒಳಗೆ ಹೋದ ಕೊನೆಯ ಗುರುತಿನಿಂದ ಇನ್ನೂ ಎರಡು ಬೆರಳು ಆಚೆಗೆ ಕತ್ತರಿಸಿ. ಜಿಪುಣತನ ಬೇಡ. ಹೊಸ ತುಂಡು ಎರಡೂ ಕಡೆ 4–5 ಸೆಂ.ಮೀ. ಮೇಲೆ ಹತ್ತಿ ಕೂರಬೇಕು. ಕೂರುವ ಜಾಗವನ್ನು ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಎಮರಿ ಪೇಪರ್ ಹಾಕಿ ತಿಕ್ಕಿ. ಗಟ್ಟಿ ಕಬ್ಬಿಣದವರೆಗೆ ಹೋಗುವುದು, ನನ್ನ ಮೊದಲ ತೇಪೆಯಲ್ಲಿ ಆಗದೇ ಇದ್ದದ್ದು ಇದೇ.

ಈ ಪೈಪಿನ ತಗಡು ತೆಳು. ದಪ್ಪ ಕಡ್ಡಿಯ ಆರ್ಕ್ ವೆಲ್ಡಿಂಗ್ ಹಿಡಿದರೆ ಇದ್ದ ತೂತು ದೊಡ್ಡದಾಗುತ್ತದೆ. ಕಡ್ಡಿಯ ಬದಲು ತೆಳು ತಂತಿ ಬಳಸುವ ಮಿಗ್ ವೆಲ್ಡಿಂಗ್ ಇದ್ದರೆ ಒಳ್ಳೇದು. ಇಲ್ಲವಾದರೆ ಗ್ಯಾಸ್ ವೆಲ್ಡಿಂಗ್ ಮಾಡುವ ಹಳೇ ಕೈ ಹುಡುಕಿ. ಮೊದಲು ನಾಲ್ಕು ಕಡೆ ಚುಕ್ಕೆ ಹಾಕಿಸಿ, ಪೈಪನ್ನು ಗಾಡಿಯ ಕೆಳಗೆ ಹಿಡಿದು ಅಳತೆ ನೋಡಿ, ಸರಿ ಇದ್ದರೆ ವಾಪಸ್ಸು ಒಯ್ದು ಪೂರ್ತಿ ಸುತ್ತು ಮಾಡಿಸಿ. ಎರಡು ಸಲ ಓಡಾಟ ಅಂತ ಬೇಜಾರು ಮಾಡಿಕೊಳ್ಳಬೇಡಿ.

ವೆಲ್ಡಿಂಗ್ ಇಲ್ಲದೆ ಆಗಲ್ವಾ? ದಾರಿಯಲ್ಲಿ ಕೈಕೊಟ್ಟಾಗ ಆಗುತ್ತದೆ. ಸೈಲೆನ್ಸರ್‌ಗೆ ಅಂತಲೇ ಬರುವ ಪೇಸ್ಟ್ ಮೆತ್ತಿ, ಮೇಲೆ ಡಬ್ಬದ ತಗಡು ಸುತ್ತಿ, ಎರಡು ಹೋಸ್ ಕ್ಲಿಪ್ ಬಿಗಿದರೆ ಮನೆ ತಲುಪಬಹುದು. ಪೇಸ್ಟ್ ಗಟ್ಟಿಯಾಗಲು ಎಂಜಿನ್ನನ್ನು ಹತ್ತು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಡಿ, ಒಮ್ಮೆಗೇ ರೇಸ್ ಮಾಡಿದರೆ ಊದಿ ಹೊರಗೆ ಹಾಕುತ್ತದೆ. ಎಂ-ಸೀಲ್ ನೀರಿನ ಟ್ಯಾಂಕಿಗೆ ಸರಿ, ಈ ಬಿಸಿಗೆ ಸುಟ್ಟು ಉದುರುತ್ತದೆ. ಹಿಂದೆಲ್ಲ ಆಸ್ಬೆಸ್ಟಾಸ್ ಹಗ್ಗ ಸುತ್ತುತ್ತಿದ್ದರು. ಅದರ ನಾರು ಶ್ವಾಸಕೋಶಕ್ಕೆ ವಿಷ, ಮುಟ್ಟಬೇಡಿ. ಹಳೇ ಪ್ಯಾಕಿಂಗ್ ಕೆರೆಯುವಾಗಲೂ ನೀರು ಹಾಕಿ ಒದ್ದೆ ಮಾಡಿ ಕೆರೆಯಿರಿ, ಧೂಳು ಏಳಬಾರದು.

ಜೋಡಿಸುವುದು

ಸೇರುವ ಮುಖಗಳನ್ನು ತಿಕ್ಕಿ, ಹೊಸ ಪ್ಯಾಕಿಂಗ್ ಇಡಿ. ಎಳೆಗಳಿಗೆ ತಾಮ್ರದ ಗ್ರೀಸ್ ಸವರಿ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಬೈಯದಿರಲಿ. ಸೆನ್ಸರ್ ಇರುವ ಗಾಡಿಯಲ್ಲಿ ಜಾಯಿಂಟ್‌ಗೆ ಸಿಲಿಕಾನ್ ಗಮ್ ಹಚ್ಚಬೇಡಿ, ಅದರ ಆವಿಗೆ ಸೆನ್ಸರ್ ಕೆಡುತ್ತದೆ.

ಮುಂದಿನಿಂದ ಹಿಂದಕ್ಕೆ ಎಲ್ಲವನ್ನೂ ಸಡಿಲವಾಗಿಯೇ ತೊಡಿಸಿ. ಎಲ್ಲ ರಬ್ಬರ್ ಹಾಕಿದ ಮೇಲೆ ಅಡಿಯಿಂದ ಒಮ್ಮೆ ಕಣ್ಣಾಡಿಸಿ: ಪೈಪಿಗೂ ಬಾಡಿಗೂ ನಡುವೆ ಎರಡು ಬೆರಳಿನ ಜಾಗ ಇದೆಯಾ? ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ಹಿಂದಿನ ಆಕ್ಸಲ್, ಯಾವುದಕ್ಕೂ ತಾಗುತ್ತಿಲ್ಲ ತಾನೇ? ರಬ್ಬರ್‌ಗಳು ನೇರ ಕೆಳಗೆ ಜೋತಿವೆಯಾ, ಪಕ್ಕಕ್ಕೆ ಎಳೆದುಕೊಂಡಿವೆಯಾ? ಎಳೆದುಕೊಂಡಿದ್ದರೆ ಪೈಪ್ ತಿರುಗಿ ಕೂತಿದೆ ಅಂತ ಅರ್ಥ. ಎಲ್ಲ ಸರಿ ಇದ್ದರೆ ಆಗ ಮುಂದಿನಿಂದ ಬಿಗಿಯುತ್ತಾ ಬನ್ನಿ. ಎರಡು ನಟ್ಟು ಇರುವ ಕಡೆ ಒಂದನ್ನೇ ಪೂರ್ತಿ ಬಿಗಿಯಬೇಡಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು. ಸ್ಪ್ರಿಂಗ್ ಇರುವ ಬೋಲ್ಟ್ ಆದರೆ ಅದು ನಿಲ್ಲುವ ಜಾಗದವರೆಗೆ ಮಾತ್ರ. ಆ ಜಾಯಿಂಟ್ ಎಂಜಿನ್ ಜೊತೆ ಅಲ್ಲಾಡಲೆಂದೇ ಮಾಡಿದ್ದು.

ಊದುಬತ್ತಿ ಪರೀಕ್ಷೆ

ಗಾಡಿ ಬಯಲಿನಲ್ಲಿರಲಿ. ಎಲ್ಲೂ ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತಣ್ಣಗಿರುವಾಗಲೇ ಎಂಜಿನ್ ಶುರು ಮಾಡಿ, ಇನ್ನೊಬ್ಬರಿಗೆ ಗ್ಲೌಸ್ ಹಾಕಿಸಿ ಒದ್ದೆ ಬಟ್ಟೆಯಿಂದ ಹಿಂದಿನ ಬಾಯಿಯನ್ನು ಎರಡು ಮೂರು ಸೆಕೆಂಡ್ ಮುಚ್ಚಲು ಹೇಳಿ. ಎಲ್ಲೂ ಸೋರದಿದ್ದರೆ ಎಂಜಿನ್ ಏದುಸಿರು ಬಿಡುತ್ತದೆ. ಸೋರುತ್ತಿದ್ದರೆ ಬುಸ್ ಅನ್ನುವ ಸದ್ದು ಜಾಗವನ್ನು ತೋರಿಸುತ್ತದೆ. ಅನುಮಾನ ಇದ್ದರೆ ಮುಂದಿನ ಜಾಯಿಂಟ್‌ಗಳ ಬಳಿ ಹಚ್ಚಿದ ಊದುಬತ್ತಿ ಹಿಡಿಯಿರಿ, ಹೊಗೆಯ ಎಳೆ ಚದುರಿದ ಕಡೆ ಗಾಳಿ ಬರುತ್ತಿದೆ. ಟ್ಯಾಂಕ್ ಬಳಿ ಊದುಬತ್ತಿ ಬೇಡ, ಅಲ್ಲಿ ಸಾಬೂನು ನೀರು ಚಿಮುಕಿಸಿ ಗುಳ್ಳೆ ನೋಡಿ.

ಮೊದಲ ಓಟದಲ್ಲಿ ಹೊಸ ಪೈಪಿನ ಬಣ್ಣ, ಗ್ರೀಸ್ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬರುತ್ತದೆ. ಹೆದರಬೇಡಿ. ನನ್ನದು ಅವತ್ತು ಎಷ್ಟು ಮೌನವಾಗಿತ್ತು ಅಂದರೆ ನಾನು ಒಳಗೆ ಬಂದು ಕೈ ತೊಳೆದರೂ ಕಾಫಿಗೆ ನೀರು ಇಟ್ಟಿರಲಿಲ್ಲ.

ಎಮಿಷನ್ ಟೆಸ್ಟಿಗೆ ಇದಾದ ಮೇಲೇ ಹೋಗಿ. ಬಿಎಸ್ ಅಂದರೆ ಭಾರತ್ ಸ್ಟೇಜ್, ಸರ್ಕಾರದ ಹೊಗೆ ಮಿತಿಯ ಹಂತಗಳು. ನನ್ನದರಂಥ ಬಿಎಸ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3 ಶೇಕಡಾ ಮಿತಿ, ಬಿಎಸ್-2, ಬಿಎಸ್-3 ಗಾಡಿಗಳಿಗೆ 0.5 ಶೇಕಡಾ. ತೂತು ಪೈಪಿನಲ್ಲಿ ಹೊರಗಿನ ಗಾಳಿ ಬೆರೆತು ರೀಡಿಂಗ್ ಕಮ್ಮಿ ತೋರಿಸಬಹುದು, ಅದನ್ನು ನಂಬಿ ಪ್ರಯೋಜನ ಇಲ್ಲ. ಎಂಪಿಎಫ್‌ಐ ಗಾಡಿಯಲ್ಲಿ ಸೆನ್ಸರ್ ಹತ್ತಿರ ಸೋರಿದರೆ ಇನ್ನೊಂದು ಆಟ: ಪೆಟ್ರೋಲ್ ಕಮ್ಮಿ ಆಗಿದೆ ಅಂತ ಕಂಪ್ಯೂಟರ್ ತಪ್ಪು ತಿಳಿದು ಜಾಸ್ತಿ ಸುರಿಯುತ್ತದೆ. ಮೈಲೇಜ್ ಬಿದ್ದದ್ದಕ್ಕೆ ಎಷ್ಟೋ ಜನ ಪ್ಲಗ್, ಫಿಲ್ಟರ್ ಬದಲಿಸುತ್ತಾ ಇರುತ್ತಾರೆ.

ಇನ್ನು ವಾರಕ್ಕೊಮ್ಮೆ 20–30 ಕಿಲೋಮೀಟರ್ ಒಂದೇ ಓಟ ಕೊಡಿ, ಒಳಗಿನ ನೀರು ಒಣಗಲಿ. ಕಡಲ ತೀರಕ್ಕೆ ಹೋಗಿ ಬಂದರೆ ಗಾಡಿ ತಣ್ಣಗಾದ ಮೇಲೆ ಅಡಿಗೆ ಸಿಹಿನೀರು ಹೊಡೆಯಿರಿ. ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಇಲ್ಲ, ಆದರೆ ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರಲ್ಲ, ಅದರ ಮೇಲೆ ಹೋದರೆ ಮುಂದೆ ನಿಲ್ಲಿಸಿ ಅಡಿಯಲ್ಲಿ ನೋಡಿ. ಪೈಪಿಗೆ ಸುತ್ತಿಕೊಂಡ ಒಣ ಹುಲ್ಲಿಗೆ ಬೆಂಕಿ ಹತ್ತಿ ಗಾಡಿಗಳು ಸುಟ್ಟದ್ದುಂಟು.

100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಅಡಿ ಮಲಗಿ. ಕಾದು ತಣ್ಣಗಾಗಿ ಪ್ಯಾಕಿಂಗ್ ಅಮುಕಿಕೊಂಡಿರುತ್ತದೆ, ನಟ್ಟುಗಳು ಅರ್ಧ ಸುತ್ತಾದರೂ ಬಿಗಿ ಕೇಳುತ್ತವೆ.